ಪರದೆ ಬರ್ಲಿ, ಮೇಷ್ಟ್ರೂ ಇರ್ಲಿ

ಶಾಲೆಗೆ ಸ್ಮಾರ್ಟ್ ಟಿವಿ ಬರ್ತದಂತೆ ಅಂದ್ರೆ ಸಾಕು, ನಮ್ ಕಡೆ ಎರಡು ನಮೂನೆ ಮಾತು ಹುಟ್ತದೆ. ಒಂದು, "ಇನ್ನು ನಮ್ ಮಕ್ಳೂ ಬೆಂಗ್ಳೂರಿನ ಮಕ್ಳ ಸಮ ಆದ್ರು ಬಿಡಿ" ಅಂತ. ಇನ್ನೊಂದು, "ಮನೇಲಿ ಮೊಬೈಲ್ ಹಿಡ್ಕಂಡು ಹಾಳಾಗಿದ್ದು ಸಾಲ್ದು ಅಂತ ಶಾಲೇಲೂ ಶುರು ಮಾಡ್ತಾರಾ" ಅಂತ. ನಮ್ಮತ್ತೆ ಎರಡನೇ ಕಡೆಯವ್ರು. ಅಡಿಕೆ ಸುಲೀತಾ ಕೂತಲ್ಲಿ ಈ ವಿಷಯ ಎದ್ರೆ ಮೆಟ್ಟುಗತ್ತಿ ನಿಲ್ತದೆ, ಮಾತು ನಿಲ್ಲೂದಿಲ್ಲ. ನಾನು ಎರಡು ಕಡೆಗೂ ಸೇರಿದವಳಲ್ಲ. ಕಂಪ್ಯೂಟರು, ಇಂಟರ್ನೆಟ್ಟು ಹಳ್ಳಿ ಶಾಲೆಗೆ ಬರ್ಬೇಕು, ಬೇಗ ಬರ್ಬೇಕು. ಆದ್ರೆ ಮೇಷ್ಟ್ರ ಕುರ್ಚಿ ಖಾಲಿ ಮಾಡ್ಸೋಕೆ ಅದು ನೆಪ ಆಗ್ಬಾರ್ದು. ಕೆರೆಕಟ್ಟೆಯಂಥ ಊರಲ್ಲಿ ಕೂತು ನೋಡಿದ್ರೆ ಈ ಎರಡೂ ಮಾತು ಒಟ್ಟಿಗೇ ಹೇಳ್ಬೇಕಾಗ್ತದೆ.

ಕೊರೊನಾ ಕಾಲ ನೆನಪು ಮಾಡ್ಕಳಿ. 2020ರ ಮಾರ್ಚಲ್ಲಿ ಶಾಲೆ ಮುಚ್ಚಿತು. ಜೂನಲ್ಲಿ ಸರ್ಕಾರ ಮೊದಲು 5ನೇ ಕ್ಲಾಸಿನವರೆಗೆ, ಆಮೇಲೆ 7ನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠ ಬೇಡ ಅಂತು. ಜುಲೈ 8ಕ್ಕೆ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಅದೇ ತಿಂಗಳು ಚಂದನ ಟಿವಿಲಿ ಹೈಸ್ಕೂಲ್ ಮಕ್ಳಿಗೆ ಪಾಠ ಶುರುವಾಯ್ತು. ಆಗಸ್ಟಲ್ಲಿ ವಿದ್ಯಾಗಮ ಬಂತು. ಮೇಷ್ಟ್ರುಗಳೇ ಊರೂರಿಗೆ ಬಂದು ದೇವಸ್ಥಾನದ ಜಗಲಿ, ಅರಳಿಕಟ್ಟೆ, ಎಲ್ಲಿ ಜಾಗ ಸಿಕ್ತದೋ ಅಲ್ಲಿ ಪಾಠ ಹೇಳೋದು. ಅದ್ರಲ್ಲಿ ಮಕ್ಳನ್ನ ಮೂರು ಗುಂಪು ಮಾಡಿದ್ರು: ಎಂತದೂ ಇಲ್ದವ್ರು, ಬರೀ ಮಾತಾಡೋ ಫೋನ್ ಇದ್ದವ್ರು, ಇಂಟರ್ನೆಟ್ ಇರೋ ಫೋನಿನವ್ರು. ನಮ್ ಕಡೆ ನಾಲ್ಕನೇ ಗುಂಪು ಒಂದು ಬೇಕಿತ್ತು. ಫೋನಲ್ಲಿ ಇಂಟರ್ನೆಟ್ ಉಂಟು, ಮನೇಲಿ ಇಲ್ಲ! ಗುಡ್ಡದ ನೆತ್ತಿಗೆ ಹೋದ್ರೆ ಎರಡು ಕಡ್ಡಿ, ಕಾಲಿಗೆ ಹತ್ತು ಇಂಬಳ.

ನನ್ ಪ್ರಕಾರ ಆ ವರ್ಷ ಬಂದಿದ್ರಲ್ಲೆಲ್ಲ ವಿದ್ಯಾಗಮವೇ ಸಮ ಇತ್ತು. ಅಲ್ಲಿ ಫೋನು ಮೇಷ್ಟ್ರ ಕೈಲಿ ಕೆಲ್ಸದ ಸಾಮಾನಾಗಿತ್ತು, ಮೇಷ್ಟ್ರ ಬದ್ಲಿಗೆ ಬಂದ ಆಳಾಗಿರಲಿಲ್ಲ. ಅಕ್ಟೋಬರಲ್ಲಿ ಸೋಂಕಿನ ಹೆದರಿಕೆಯಿಂದ ಅದನ್ನ ನಿಲ್ಸಿದ್ರು, ಆ ಹೆದರಿಕೆಯೇನೂ ಸುಳ್ಳಲ್ಲ. ಆದ್ರೆ ಅದ್ರಲ್ಲಿ ಕಲ್ತಿದ್ದನ್ನ ಆಮೇಲೆ ಯಾರೂ ಎತ್ತಿ ಇಟ್ಕಳ್ಳಲಿಲ್ಲ.

2021ರ ಜೂನಲ್ಲಿ ಸುಳ್ಯ ತಾಲೂಕಿನ ಬಳ್ಳಕದ ಫೋಟೊ ಒಂದು ಎಲ್ಲರ ಫೋನಿಗೂ ಬಂದಿತ್ತಲ್ಲ, ಮಳೇಲಿ ರಸ್ತೆ ಬದಿ ಕೂತು ಪಾಠ ಕೇಳೋ ಮಗಳಿಗೆ ಅಪ್ಪ ಕೊಡೆ ಹಿಡ್ದಿದ್ದು. ಅಪ್ಪನ ಪ್ರೀತಿ ಅಂತ ಕಣ್ಣೀರು ಹಾಕಿದವ್ರೇ ಜಾಸ್ತಿ. ಪ್ರೀತಿ ಹೌದು ಮಾರಾಯ್ರೆ, ಇಲ್ಲ ಅಂದವ್ರು ಯಾರು? ಆದ್ರೆ ಪಾಠ ಸಿಗೋಕೆ ಅಪ್ಪ ದಿನಾ ಕೂಲಿ ಬಿಟ್ಟು ಕೊಡೆ ಹಿಡೀಬೇಕು ಅನ್ನೋದು ವ್ಯವಸ್ಥೆ ಆಗ್ತದನಾ?

ಇನ್ನೊಂದು ತಮಾಷೆ ಕೇಳಿ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಅಂತ ಯಲಹಂಕದಲ್ಲಿ ಉಂಟು. ಅವ್ರು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆ ಅಳೆಯೋ ಯಂತ್ರ ಕೂರ್ಸಿದಾರೆ. ಸೋಲಾರಿನಲ್ಲಿ ನಡೀತದೆ, 15 ನಿಮಿಷಕ್ಕೊಂದು ಸಲ ಎಷ್ಟು ಮಳೆ ಬಂತು ಅಂತ ಲೆಕ್ಕ ತಾನಾಗೇ ಹೋಗ್ತದೆ. ಮಳೆಗಾಲದಲ್ಲಿ ಪೇಪರ್ ತೆಗೆದ್ರೆ ಕಿಗ್ಗಾ, ಕೆರೆಕಟ್ಟೆ ಹೆಸ್ರು ಕಾಣೋದು ಇಂಥ ಲೆಕ್ಕದಿಂದ್ಲೇ. ಅಂದ್ರೆ ನಮ್ ಮಳೆ ಬೆಂಗ್ಳೂರಿಗೆ ತಪ್ಪದೆ ತಲುಪ್ತದೆ, ಬೆಂಗ್ಳೂರಿನ ಪಾಠ ನಮ್ ಮಕ್ಳಿಗೆ ತಲುಪೂದಿಲ್ಲ. ಆ ಯಂತ್ರ ಕಳ್ಸೋದು ನಾಲ್ಕು ಅಂಕಿ, ವಿಡಿಯೋ ಪಾಠ ಅಂದ್ರೆ ಅದ್ರ ಲಕ್ಷಪಟ್ಟು ಭಾರ, ಹೋಲಿಕೆ ಪೂರ್ತಿ ಸಮ ಅಲ್ಲ, ಗೊತ್ತು. ಆದ್ರೂ ನಮ್ಮಲ್ಲಿ ಓಡೋದು ಎಂಥದು ಅಂತ ಆ ಡಬ್ಬಿ ತೋರಿಸ್ತದೆ. ಕಮ್ಮಿ ಕರೆಂಟು, ಕಮ್ಮಿ ನೆಟ್ವರ್ಕು ಬೇಡೋ ಸಾಮಾನು ಇಲ್ಲಿ ನಿಲ್ತದೆ.

ಇದೆಲ್ಲ ಹೊಸದೇನಲ್ಲ. 1975ರ ಆಗಸ್ಟಿಂದ ಒಂದು ವರ್ಷ ಉಪಗ್ರಹದ ಮೂಲಕ 6 ರಾಜ್ಯದ 2400 ಹಳ್ಳಿಗೆ ಟಿವಿ ಪಾಠ ತೋರ್ಸಿದ್ರು. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳಿದ್ವು. ಉಪಗ್ರಹ ಅಮೆರಿಕದವ್ರದ್ದು, ಎರವಲು. ವರ್ಷ ತುಂಬಿತು, ವಾಪಸು ಹೋಯ್ತು, ಪಾಠ ನಿಂತಿತು. 2004ರಲ್ಲಿ ಪಾಠಕ್ಕೇ ಅಂತ ಇಸ್ರೋದವ್ರು ಎಜುಸ್ಯಾಟ್ ಹಾರ್ಸಿದ್ರು, ಚಾಮರಾಜನಗರದ ಪ್ರೈಮರಿ ಶಾಲೆಗಳಲ್ಲಿ ಪ್ರಯೋಗ ಮಾಡಿದ್ರು. 2010ಕ್ಕೆ ಅದ್ರ ಆಯಸ್ಸೂ ಮುಗೀತು. ಇವಕ್ಕಿಂತ ರೇಡಿಯೋ ಗಟ್ಟಿ. ಕೇಳಿ ಕಲಿ, ಚುಕ್ಕಿ ಚಿನ್ನ ಅಂತ ಆಕಾಶವಾಣಿಲಿ ಬರ್ತಿತ್ತಲ್ಲ, ಅದಕ್ಕೆ ಎರಡು ಸೆಲ್ ಇದ್ರೆ ಸಾಕಿತ್ತು, ಕೆಟ್ರೆ ಪೇಟೇಲಿ ರಿಪೇರಿ ಮಾಡೋರು ಸಿಕ್ತಿದ್ರು. ಪಾಠ ಮುಗಿದ ಮೇಲೆ ಹಾಡಿ ಕುಣ್ಸೋಕೆ ಟೀಚರ್ ಬೇಕೇ ಬೇಕಿತ್ತು. ಅದೇ ಅದ್ರ ಗುಣ.

ಈಗ ಅಸಲಿ ವಿಷಯಕ್ಕೆ ಬರ್ತೇನೆ. ಮಲೆನಾಡಿನ ಸಣ್ಣ ಶಾಲೆ ಅಂದ್ರೆ ಒಬ್ಬರೋ ಇಬ್ಬರೋ ಮೇಷ್ಟ್ರು, ಐದು ಕ್ಲಾಸು. ಮಕ್ಳು ಕಮ್ಮಿ ಅಂತ ಪ್ರತಿ ವರ್ಷ ಹೆದರಿಕೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಆಗಿದ್ದು 1987ರಲ್ಲಿ, ಅಲ್ಲಿಂದ ಈಚೆ ಕಾಡಿನೊಳಗಿನ ಎಷ್ಟೋ ಮನೆಗಳು ಪುನರ್ವಸತಿ ಅಂತ ಎದ್ದು ಹೋದ್ವು. ಉಳಿದವ್ರು ಉಳೀಬೇಕಾ, ಹೋಗ್ಬೇಕಾ ಅಂತ ಲೆಕ್ಕ ಹಾಕೋವಾಗ ಶಾಲೆ ದೊಡ್ಡ ಲೆಕ್ಕ. ಶಾಲೆ ಇಲ್ಲ ಅಂದ್ರೆ ಮಗು ಹಾಸ್ಟೆಲ್ಲಿಗೆ, ಇಲ್ದಿದ್ರೆ ಅಮ್ಮ ಮಗುವನ್ನ ಕಟ್ಕಂಡು ಪೇಟೇಲಿ ಬಾಡಿಗೆ ಮನೆಗೆ. ತೋಟ, ಗದ್ದೆ ಅಪ್ಪನ ಒಬ್ಬನ ತಲೆ ಮೇಲೆ. ಇಂಥಲ್ಲಿ "ಪರದೇಲಿ ಒಳ್ಳೆ ಪಾಠ ಬರ್ತದಲ್ಲ, ಮತ್ತೊಬ್ರು ಮೇಷ್ಟ್ರು ಯಾಕೆ" ಅಂತ ಯಾರಾದ್ರೂ ಅಂದ್ರೆ ಅದು ಕೇಳೋಕೆ ಮಾತ್ರ ಚಂದ.

ಪರದೆ ಉಪಯೋಗ ಬೇರೆ ಕಡೆ ಉಂಟು. 1995ರಲ್ಲಿ ಎಚ್.ಡಿ. ಕೋಟೆಲಿ ಶುರುವಾದ ನಲಿ-ಕಲಿಲಿ ಬೇರೆ ಬೇರೆ ವಯಸ್ಸಿನ ಮಕ್ಳು ಒಂದೇ ಕೋಣೇಲಿ ಕೂತು ಅವ್ರವ್ರ ವೇಗಕ್ಕೆ ಕಲೀತಾರೆ. ಟೀಚರ್ ನಾಲ್ಕನೇ ಕ್ಲಾಸಿಗೆ ಭಾಗಾಕಾರ ಹೇಳೋವಾಗ ಎರಡನೇ ಕ್ಲಾಸಿನ ಮಕ್ಳು ಒಂದು ಕತೆ ನೋಡ್ಲಿ, ಇಂಗ್ಲಿಷ್ ಪದ್ಯ ಕೇಳ್ಲಿ. ಒಂದು ಕೈ ಜಾಸ್ತಿ ಆದ ಹಂಗೆ. ಪುಸ್ತಕದಲ್ಲಿ ಕ್ಯೂಆರ್ ಕೋಡ್ ಹಾಕಿದಾರೆ, ದೀಕ್ಷಾ ಆಪಿನಲ್ಲಿ ಪಾಠ ತೆರೀತದೆ. ನೆಟ್ ಇಲ್ದೆ ಅದು ಬರೀ ಕಪ್ಪು ಚೌಕ. ಆದ್ರೆ ಪೇಟೆಗೆ ಹೋದ ದಿನ ಪಾಠಗಳನ್ನ ಇಳ್ಸಿಟ್ಕಂಡ್ರೆ ತಿಂಗಳು ನಡೀತದೆ. ಕಿವಿಕ್ಸ್ ಅಂತ ಪುಕ್ಕಟೆ ತಂತ್ರಾಂಶ ಉಂಟು, ಕನ್ನಡ ವಿಕಿಪೀಡಿಯ ಪೂರ್ತಿ ಒಂದು ಮೆಮೊರಿ ಕಾರ್ಡಲ್ಲಿ ಹಿಡೀತದೆ, ನೆಟ್ಟೇ ಬೇಡ. ಇಂಟರ್ನೆಟ್ಟು ಅಂದ್ರೆ ದಿನದ 24 ಗಂಟೆ ತಂತಿ ಹಿಡ್ಕಂಡಿರೋದು ಅಂತ ಯಾರು ಹೇಳಿದ್ರು? ನಾವು ಮಳೆಗಾಲಕ್ಕೆ ಉಪ್ಪಿನಕಾಯಿ, ಹಪ್ಪಳ ಮಾಡಿಡೂದಿಲ್ವಾ, ಹಂಗೇ.

ಮತ್ತೆ ನಮ್ಮದೇ ಪಾಠ ಬೇಕು. ಅಡಿಕೆ ಎಲೆಚುಕ್ಕಿ ರೋಗ ಬಂದು ತೋಟ ತೋಟವೇ ಒಣಗ್ತಾ ಇರೋದನ್ನ ಮಕ್ಳು ದಿನಾ ನೋಡ್ತಾರೆ. ಅದು ಶಿಲೀಂಧ್ರದ ಕಾಟ, ಗಾಳಿ ಮಳೆಗೆ ಹರಡ್ತದೆ ಅನ್ನೋದನ್ನ ವಿಜ್ಞಾನದ ಪಿರಿಯಡ್ಡಲ್ಲಿ ದೊಡ್ಡ ಚಿತ್ರ ಹಾಕಿ ತೋರ್ಸಿದ್ರೆ ಆ ಮಗು ಮನೆಗೆ ಬಂದು ಅಪ್ಪಂಗೆ ಹೇಳ್ತದೆ. ಫೋಲ್ಡ್‌ಸ್ಕೋಪ್ ಅಂತ ಕಾಗದದ ಸೂಕ್ಷ್ಮದರ್ಶಕ, ಮನು ಪ್ರಕಾಶ್ ಅನ್ನೋ ವಿಜ್ಞಾನಿ ಮಾಡಿದ್ದು, ಅದನ್ನ ಫೋನಿಗೆ ಹಚ್ಚಿದ್ರೆ ಎಲೆ ಮೇಲಿನ ಚುಕ್ಕಿ ಹತ್ತಿರದಿಂದ ನೋಡ್ಬಹುದು. ಅಂಥದ್ದು ತರಗತಿಗೆ ಬಂದ್ರೆ ನಮ್ಮತ್ತೆಯವ್ರೂ ಬಂದು ಹಿಂದಿನ ಬೆಂಚಲ್ಲಿ ಕೂರ್ತಾರೆ.

2023ರಲ್ಲಿ ಯುನೆಸ್ಕೊದವ್ರು ಇದ್ರ ಬಗ್ಗೇನೇ ದೊಡ್ಡ ವರದಿ ತಂದ್ರು. ಈ ಉಪಕರಣ ಯಾರ ಷರತ್ತಿನ ಮೇಲೆ ಅಂತ ಅದ್ರ ತಲೆಬರಹದಲ್ಲೇ ಪ್ರಶ್ನೆ. ಅದೇ ಹೊತ್ತಿಗೆ ಸ್ವೀಡನ್ನಿನವ್ರು ಸಣ್ಣ ಮಕ್ಳಿಗೆ ಮತ್ತೆ ಅಚ್ಚಿನ ಪುಸ್ತಕ ಕೊಡೋಕೆ ಹೊರಟ್ರು. ಅವ್ರು ಉಂಡು ಸಾಕಾಗಿ ಎದ್ದವ್ರು, ನಮಗೆ ಇನ್ನೂ ಎಲೆ ಹಾಕಿಲ್ಲ. ಹಂಗಾಗಿ ಅವ್ರನ್ನ ತೋರ್ಸಿ ನಮಗೆ ಬೇಡ ಅನ್ನೋದೂ ಸಮ ಅಲ್ಲ. 2022ರ ಜುಲೈಲಿ ಕೇಂದ್ರ ಸರ್ಕಾರ 24,680 ಹಳ್ಳಿಗೆ 4ಜಿ ಕೊಡೋಕೆ 26,316 ಕೋಟಿ ಒಪ್ಪಿತು. ಅಂಥ ಟವರ್ ಎಲ್ಲಿ ನೆಟ್ರೂ ಮೊದಲ ತಂತಿ ಶಾಲೆಗೆ ಬರ್ಲಿ. ಕಾಡಿನೊಳಗೆ ಒಪ್ಪಿಗೆ ಕಷ್ಟ ಅಂತಾದ್ರೆ ರಸ್ತೆ ಬದಿಲಿ ನೆಲದಡಿ ಕೇಬಲ್ ತರೋ ದಾರಿ ನೋಡ್ಲಿ.

ಮುಂದಿನ ಎಸ್‌ಡಿಎಂಸಿ ಸಭೇಲಿ ಅಮ್ಮಂದಿರು ಸುಮ್ನೆ ಚಾಪೆ ಮೇಲೆ ಕೂತು ಟೀ ಕುಡ್ಕಂಡು ಬರೋದು ಬೇಡ. ಯುಪಿಎಸ್ ಇಲ್ದೆ ಟಿವಿ ತಗಳೋದು ಬೇಡ ಅಂತ ಹೇಳಿ, ಜೂನಿಂದ ಸೆಪ್ಟೆಂಬರವರೆಗೆ ಕರೆಂಟ್ ನಮ್ಮನೆ ನೆಂಟರ ಹಂಗೆ, ಬಂದು ಹೋಗ್ತದೆ. ಏಪ್ರಿಲ್-ಮೇ ಗುಡುಗಿಗೆ ಪ್ಲಗ್ ಕೀಳೋರು ಯಾರು ಅಂತ ಕೇಳಿ, ರಜೆ ಅಂತ ಹಂಗೇ ಬಿಟ್ರೆ ಒಂದು ಸಿಡಿಲಿಗೆ ಎಲ್ಲ ಬೂದಿ. ದುಬಾರಿ ಸಾಮಾನು ಅಂತ ಬೀರುವಲ್ಲಿ ಬೀಗ ಹಾಕಿ ಇಡೋ ಅಭ್ಯಾಸ ಒಂದುಂಟು, ನಮ್ಮ ಮಳೆಗಾಲದಲ್ಲಿ ಹಂಗೆ ಇಟ್ಟಿದ್ದಕ್ಕೆ ಬೂಷ್ಟು ಹಿಡಿಯೋದೇ. ದಿನಾ ಸ್ವಲ್ಪ ಹೊತ್ತಾದ್ರೂ ಓಡ್ಸಿದ್ರೆ ಆ ಬಿಸಿಗೆ ಒಣಗಿರ್ತದೆ. ಬೀಗದ ಕೈ ಯಾರತ್ರ ಇರ್ತದೆ, ಅವ್ರು ರಜೆ ಹಾಕಿದ ದಿನ ಯಾರತ್ರ ಅನ್ನೋದನ್ನೂ ಸಭೆ ಪುಸ್ತಕದಲ್ಲಿ ಬರ್ಸಿ ಬನ್ನಿ.