ಅಂತಾರಾಷ್ಟ್ರೀಯ ವ್ಯವಹಾರದ ಪಿಎಚ್.ಡಿ.: ನಮ್ಮ ಪ್ರಶ್ನೆಗಳನ್ನು ಕೇಳುವವರಾರು?

2022ರ ನವೆಂಬರ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪಿಎಚ್.ಡಿ. ನಿಯಮಗಳನ್ನು ಪರಿಷ್ಕರಿಸಿ, ಮಹಾಪ್ರಬಂಧ ಸಲ್ಲಿಸುವ ಮುನ್ನ ಸಂಶೋಧನಾ ಲೇಖನವನ್ನು ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಕೈಬಿಟ್ಟಿತು. ನಾಲ್ಕು ವರ್ಷಗಳ ಪದವಿಯಲ್ಲಿ ಶೇ. 75 ಅಂಕ ಗಳಿಸಿದವರಿಗೂ ಪ್ರವೇಶದ ಅವಕಾಶ ದೊರೆಯಿತು. ಇತ್ತ 2017ರ ಐಐಎಂ ಕಾಯ್ದೆಯ ಫಲವಾಗಿ ಬೆಂಗಳೂರು ಸೇರಿದಂತೆ ಎಲ್ಲ ಐಐಎಂಗಳಿಗೂ ಪಿಎಚ್.ಡಿ. ಪದವಿ ನೀಡುವ ಅಧಿಕಾರ ಲಭಿಸಿದೆ. ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ಓದಿದ ನಮ್ಮ ಮಕ್ಕಳಲ್ಲಿ ಡಾಕ್ಟರೇಟ್‌ನ ಕಡೆಗೆ ಮುಖ ಮಾಡಿದವರಿಗೆ ಇದು ಸಂತಸದ ಸಂಗತಿಯೇ ಸರಿ. ಆದರೆ ಬಾಗಿಲು ಅಗಲವಾದ ಹೊತ್ತಿನಲ್ಲಿ, ಒಳಗೆ ನಡೆಯುವ ಅಧ್ಯಯನ ಎಂತಹುದೆಂದು ವಿಚಾರಿಸುವುದೂ ಅಗತ್ಯ.

ಕೆಲವು ವರ್ಷಗಳ ಹಿಂದೆ ಮುಂಬಯಿಯ ನಮ್ಮ ಶಾಖೆಯ ವಿದೇಶಿ ವಿನಿಮಯ ವಿಭಾಗಕ್ಕೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಪ್ರಶ್ನಾವಳಿ ಹಿಡಿದು ಬಂದಿದ್ದಳು. ಪ್ರತಿ ಹೇಳಿಕೆಯ ಮುಂದೆಯೂ 'ಪೂರ್ಣ ಒಪ್ಪುತ್ತೇನೆ' ಎಂಬಲ್ಲಿಂದ 'ಸ್ವಲ್ಪವೂ ಒಪ್ಪುವುದಿಲ್ಲ' ಎಂಬಲ್ಲಿಯವರೆಗೆ ಐದು ಚೌಕಗಳು. ಊಟದ ಬಿಡುವಿನಲ್ಲಿ ನಾವೆಲ್ಲ ಗುರುತು ಹಾಕಿಕೊಟ್ಟೆವು. ಸಹೋದ್ಯೋಗಿಯೊಬ್ಬರು ಓದುವ ಗೋಜಿಗೂ ಹೋಗದೆ ಆದ್ಯಂತ ನಡುವಿನ ಚೌಕವನ್ನೇ ತುಂಬಿದರು. "ಮಾದರಿ ಹೊರಗಿನದು ಸರ್, ಅಂಕಿಅಂಶ ಮಾತ್ರ ಇಲ್ಲಿಯದು" ಎಂದು ಆಕೆಯೇ ಸಂಕೋಚದಿಂದ ಹೇಳಿದಳು. ಅದೇ ಹೊತ್ತಿಗೆ ಕೌಂಟರಿನ ಆಚೆ ಸಣ್ಣ ರಫ್ತುದಾರರೊಬ್ಬರು, ಲೆಟರ್ ಆಫ್ ಕ್ರೆಡಿಟ್‌ಗೂ ತಮ್ಮ ದಾಖಲೆಗೂ ಹೆಸರಿನಲ್ಲಿ ಅಲ್ಪ ವ್ಯತ್ಯಾಸವಿದ್ದ ಕಾರಣ ವಿದೇಶದ ಬ್ಯಾಂಕು ಹಣ ತಡೆಹಿಡಿದಿದೆಯೆಂದು ಚಿಂತಾಕ್ರಾಂತರಾಗಿ ಕುಳಿತಿದ್ದರು. ಅಂತಾರಾಷ್ಟ್ರೀಯ ವ್ಯವಹಾರದ ಕಷ್ಟಸುಖವನ್ನು ಬಲ್ಲ ಅವರನ್ನು ಮಾತ್ರ ಯಾರೂ ಏನನ್ನೂ ಕೇಳಲಿಲ್ಲ.

ಈ ಶಾಸ್ತ್ರದ ಮೂಲವನ್ನು ಅರಸಿ ಹೋದರೆ ಅಲ್ಲಿ ಸಿಗುವುದು ಒಬ್ಬ ವಿದ್ಯಾರ್ಥಿಯ ಮಹಾಪ್ರಬಂಧವೇ. 1960ರಲ್ಲಿ ಕೆನಡಾದ ಸ್ಟೀಫನ್ ಹೈಮರ್ ಅಮೆರಿಕದ ಎಂಐಟಿಗೆ ಅದನ್ನು ಸಲ್ಲಿಸಿದರು. ಬಡ್ಡಿ ಕಡಿಮೆ ಇರುವಲ್ಲಿಂದ ಹೆಚ್ಚು ಇರುವಲ್ಲಿಗೆ ಬಂಡವಾಳ ಹರಿಯುತ್ತದೆ ಎಂಬುದು ಅಂದಿನ ನಂಬಿಕೆ. ಆದರೆ ಅಮೆರಿಕದ ಕಂಪೆನಿಗಳು ಹೋದ ದೇಶದಲ್ಲೇ ಸಾಲ ಎತ್ತಿ ಕಾರ್ಖಾನೆ ಕಟ್ಟುತ್ತಿದ್ದುದನ್ನು ಹೈಮರ್ ಗಮನಿಸಿದರು. ಭಾಷೆ, ಕಾನೂನು, ಗಿರಾಕಿ ಯಾವುದೂ ತಿಳಿಯದ ಪರಕೀಯನು ಸ್ಥಳೀಯನೆದುರು ಗೆಲ್ಲುವುದಾದರೂ ಹೇಗೆ? ಸ್ಥಳೀಯನಲ್ಲಿಲ್ಲದ ಯಾವುದೋ ವಿಶೇಷ ಬಲ ಅವನಲ್ಲಿರಬೇಕು, ಅದರ ಹಿಡಿತವನ್ನು ಆತ ಬಿಟ್ಟುಕೊಡಲಾರ ಎಂಬುದು ಅವರ ಉತ್ತರದ ಸಾರ. ಮಾಟುಂಗಾದ ಉಡುಪಿ ಹೋಟೆಲುಗಳನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆ ಪ್ರಬಂಧ ಪುಸ್ತಕವಾದದ್ದು 1976ರಲ್ಲಿ. ಹೈಮರ್ 1974ರಲ್ಲಿಯೇ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು.

ಅನಂತರದ ಪಂಡಿತರೂ ತಮ್ಮ ಅಂಗಳದಿಂದಲೇ ಹೊರಟವರು. 1966ರಲ್ಲಿ ರೇಮಂಡ್ ವೆರ್ನನ್ ಮಂಡಿಸಿದ ಉತ್ಪನ್ನ ಚಕ್ರದ ವಾದ ಅಮೆರಿಕದ ಉದ್ಯಮಗಳನ್ನು ಕಂಡು ಹುಟ್ಟಿದ್ದು. ಮೊದಲು ನೆರೆಯ ದೇಶ, ಆಮೇಲೆ ದೂರದ್ದು ಎಂಬ ಉಪ್ಸಾಲಾ ಮಾದರಿಗೆ ವೋಲ್ವೊ, ಸ್ಯಾಂಡ್‌ವಿಕ್‌ನಂತಹ ಸ್ವೀಡನ್ನಿನ ಕಂಪೆನಿಗಳೇ ಆಧಾರ. ಗೀರ್ಟ್ ಹಾಫ್‌ಸ್ಟೀಡ್ ರಾಷ್ಟ್ರಗಳ ಸಂಸ್ಕೃತಿಯನ್ನು ಅಳೆದ ಕೋಲು ಐಬಿಎಂ ಎಂಬ ಒಂದೇ ಕಂಪೆನಿಯ ನೌಕರರ ಉತ್ತರಗಳಿಂದ ತಯಾರಾದದ್ದು. ಅವು ನಿರುಪಯುಕ್ತವೆಂದಲ್ಲ; ಆದರೆ ಅದೇ ಕೋಲನ್ನು ಪರೀಕ್ಷಿಸದೆ ಎರವಲು ತಂದು ನಮ್ಮನ್ನು ಅಳೆದುಕೊಂಡರೆ ಹೊಸ ಜ್ಞಾನ ಹುಟ್ಟೀತೇ?

ನಮ್ಮಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. 2000ದಲ್ಲಿ ಟಾಟಾ ಟೀ ತನಗಿಂತ ದೊಡ್ಡದಾದ ಬ್ರಿಟನ್ನಿನ ಟೆಟ್ಲಿಯನ್ನು 27.1 ಕೋಟಿ ಪೌಂಡಿಗೆ ಕೊಂಡಿತು. ಹೈಮರ್ ಕಂಡ ಕಂಪೆನಿ ತನ್ನ ಬಲವನ್ನು ಹೊತ್ತು ಹೊರಟಿತ್ತು. ಇಲ್ಲಿ ಜಗತ್ತು ಬಲ್ಲ ಹೆಸರೆಂಬ ಬಲವನ್ನು ಗಳಿಸಲೆಂದೇ ಕಂಪೆನಿ ಹೊರಟಿತು. ಏಷ್ಯಾದ ಇಂತಹ ನಡೆಗಳನ್ನು ವಿವರಿಸುವ ಹೆಸರಾಂತ ಸಿದ್ಧಾಂತಗಳು 2006–07ರಲ್ಲಿ ಬಂದವಾದರೂ, ಅವನ್ನು ಮಂಡಿಸಿದವರು ಆಸ್ಟ್ರೇಲಿಯ ಮತ್ತು ಉತ್ತರ ಅಮೆರಿಕದ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರು. ಭಾರತೀಯರಲ್ಲಿ ಸಾಮರ್ಥ್ಯದ ಕೊರತೆಯಿಲ್ಲ. ಇಂಡಿಯನ್ ಆಯಿಲ್‌ನಲ್ಲಿ ದುಡಿದಿದ್ದ ಸುಮಂತ್ರ ಘೋಷಾಲ್ ಎಂಐಟಿ ಮತ್ತು ಹಾರ್ವರ್ಡ್‌ಗಳಿಂದ ಎರಡು ಡಾಕ್ಟರೇಟ್ ಪಡೆದು ಈ ಶಾಸ್ತ್ರದ ಅಗ್ರಪಂಕ್ತಿಗೆ ಸೇರಿದರು. ನೌಕರಿಯ ಅನುಭವ ಇಲ್ಲಿಯದು, ವಿದ್ವತ್ತಿನ ನೆಲೆ ಹೊರಗಿನದು.

2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಹಲವು ಸರಕುಗಳ ಮೇಲೆ ಶೇ. 50ರಷ್ಟು ಸುಂಕ ಹೇರಿದಾಗ ತಿರುಪ್ಪೂರಿನ ಉಡುಪು, ಸೂರತ್ತಿನ ವಜ್ರ, ಆಂಧ್ರದ ಸೀಗಡಿ ವ್ಯಾಪಾರಿಗಳು ತತ್ತರಿಸಿದರು. ಯಾರು ಹೊಸ ಮಾರುಕಟ್ಟೆ ಹುಡುಕಿದರು, ಯಾರು ನಷ್ಟ ಹೊತ್ತೂ ಹಳೆಯ ಗಿರಾಕಿಯನ್ನು ಉಳಿಸಿಕೊಂಡರು, ಸಾಲದ ಕಂತನ್ನು ಹೇಗೆ ಕಟ್ಟಿದರು? ಐದು ಚೌಕಗಳಲ್ಲಿ ಇದಕ್ಕೆ ಉತ್ತರ ಸಿಗದು. ಆರು ತಿಂಗಳು ಅವರ ಗೋದಾಮಿನಲ್ಲಿ ಕುಳಿತು, ಅವರ ಭಾಷೆಯಲ್ಲೇ ಮಾತನಾಡಿಸಿ, ಲೆಕ್ಕಪತ್ರ ನೋಡಿದರೆ ಸಿಕ್ಕೀತು. ಬಹುಭಾಷಾ ನಗರಗಳಲ್ಲಿ ಬೆಳೆದ ಹೊರನಾಡ ಕನ್ನಡಿಗರ ಮಕ್ಕಳಿಗೆ ಈ ವಿಷಯದಲ್ಲಿ ಒಂದು ಸಹಜ ಅನುಕೂಲವಿದೆ.

ತಪ್ಪು ವಿದ್ಯಾರ್ಥಿಗಳದ್ದು ಮಾತ್ರವಲ್ಲ. ಮೂರು ವರ್ಷಗಳಲ್ಲಿ ಪ್ರಬಂಧ ಮುಗಿಸೆಂದು ಅವಸರಿಸುವ ಮಾರ್ಗದರ್ಶಕರೂ, ಕಡತ ತೋರಿಸಲು ಹಿಂಜರಿಯುವ ಕಂಪೆನಿಗಳೂ ಇದರಲ್ಲಿ ಪಾಲುದಾರರು. ಆ ದಿನ ಐದು ನಿಮಿಷದಲ್ಲಿ ಗುರುತು ಹಾಕಿ ಕಳುಹಿಸಿದ ನಮ್ಮಂತಹ ಬ್ಯಾಂಕ್ ನೌಕರರೂ ಹೊರತಲ್ಲ. ಗ್ರಾಹಕರ ಗೋಪ್ಯತೆಗೆ ಭಂಗ ಬಾರದಂತೆ ಆಕೆಗೆ ಹೇಳಬಹುದಾದದ್ದು ಬಹಳಷ್ಟಿತ್ತು. ಕನಿಷ್ಠಪಕ್ಷ, ಕೌಂಟರಿನ ಆಚೆ ಕುಳಿತಿದ್ದವರನ್ನು ತೋರಿಸಿ "ಅವರನ್ನು ಮಾತನಾಡಿಸಮ್ಮಾ" ಎನ್ನಬಹುದಿತ್ತು.