ದಪ್ಪ ತಂತಿಗೆ ಸೋತ ಬೆರಳು



ಹೋದ ವಾರ ಬಿಳಿಕೆರೆ ಬಸ್ ಸ್ಟಾಪಿನಲ್ಲಿ ನಾನು ಒಂದಲ್ಲ, ಎರಡಲ್ಲ, ಮೂರು ಬಸ್ಸು ಬಿಟ್ಟೆ! ನಿಮ್ಮಲ್ಲಿ ಬಹಳ ಜನಕ್ಕೆ ಆ ಜಾಗ ಗೊತ್ತು. ಮೈಸೂರಿನಿಂದ ಬಂದ ರಸ್ತೆ ಅಲ್ಲಿ ಕವಲೊಡೆಯುತ್ತೆ. ನೇರ ಹೋದರೆ ಹುಣಸೂರು, ಪಿರಿಯಾಪಟ್ಟಣ. ಬಲಕ್ಕೆ ಹೊರಳಿದರೆ ಕೆ.ಆರ್. ನಗರ, ಹಾಸನ, ಬೇಲೂರು. ಆ ಕವಲಲ್ಲಿ ಹೆಗಲಿಗೆ ಉದ್ದನೆ ಚೀಲ ಹಾಕಿಕೊಂಡ ಹುಡುಗನೊಬ್ಬ ನನ್ನನ್ನೇ ದುರುಗುಟ್ಟಿ ನೋಡುತ್ತಾ ನಿಂತಿದ್ದ. ಚೀಲದ ಉದ್ದ ನೋಡಿಯೇ ಗೊತ್ತಾಯಿತು, ಒಳಗಿರೋದು ಮಾಮೂಲಿ ಗಿಟಾರ್ ಅಲ್ಲ, ಬಾಸ್ ಗಿಟಾರ್.

"ಅಣ್ಣಾ, ನೀವು ಆರ್ಕೆಸ್ಟ್ರಾದಲ್ಲಿ ಬಾಸ್ ನುಡಿಸ್ತಿದ್ದೋರಲ್ವಾ?" ಅಂದ.

"ಹೌದು ಕಣಪ್ಪ, ಏನು ಸಮಾಚಾರ?"

"ಮೈಸೂರಿಗೆ ಹೊರಟಿದೀನಿ. ಫ್ಲಾಟ್‌ವೌಂಡ್ ತಂತಿ ಹಾಕಿಸ್ಬೇಕು. 110 ಗೇಜು. ಅದನ್ನ ಹಾಕಿದ್ರೇನೇ ಗತ್ತು ಅಂತಾರೆ."

ದುಡ್ಡು ಎಲ್ಲಿಂದ ಬಂತು ಅಂತ ಕೇಳಿದೆ. ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಮುಂದೆ ರಾತ್ರಿಯೆಲ್ಲ ಬೆಂಕಿ ಕಾದು ಕೂಡಿಟ್ಟದ್ದಂತೆ. ಫ್ಲಾಟ್‌ವೌಂಡ್ ಒಂದು ಸೆಟ್ಟಿಗೆ ಸಾವಿರಗಟ್ಟಲೆ ಬೀಳುತ್ತೆ. ಅವನ ಬಾಯಲ್ಲಿ 110 ಅನ್ನೋ ನಂಬರು ಕೇಳಿದ್ದೇ ತಡ, ನನ್ನ ಎಡಗೈ ಉಂಗುರದ ಬೆರಳು ಚುರುಕ್ ಅಂತು. ಮೊದಲನೇ ಬಸ್ಸು ಬಿಟ್ಟದ್ದು ಆಗಲೇ.

ಬಾಸ್ ಅಂದ್ರೆ ಯಾವುದು ಅಂತ ತಲೆ ಕೆರೆದುಕೊಳ್ಳುವವರಿಗೆ ಒಂದು ಮಾತು. 1981ರಲ್ಲಿ ಬಂದ ಶಂಕರ್‌ನಾಗ್ ಅವರ 'ಗೀತಾ' ಚಿತ್ರ ನೆನಪಿಸಿಕೊಳ್ಳಿ. ಇಳಯರಾಜಾ ಸಂಗೀತ. ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಹಾಡಿದ ಆ ಪ್ರಸಿದ್ಧ ಯುಗಳಗೀತೆಯನ್ನು ಒಳ್ಳೇ ಹೆಡ್‌ಫೋನಿನಲ್ಲಿ ಹಾಕಿಕೊಂಡು ದನಿ ಬಿಟ್ಟು ಅಡಿಯಲ್ಲಿ ಏನು ಓಡ್ತಿದೆ ಅಂತ ಕೇಳಿ. ಹಾಡಿನ ಕೆಳಗೆ ಇನ್ನೊಂದು ಹಾಡು ಹೆಜ್ಜೆ ಹಾಕ್ತಿರುತ್ತೆ. ಅದೇ ಸ್ವಾಮಿ ಬಾಸು! ಈ ಇಳಯರಾಜಾ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದವರು, ಅವರ ಬಳಿ ಗಿಟಾರ್ ನುಡಿಸಿದವರು. ತಂತಿಯ ಬೆಲೆ ತಿಳಿದವರು.

ಈಗ ತಂತಿಗೆ ಬರೋಣ. ಬಾಸ್ ತಂತಿಯ ಒಳಗೆ ಒಂದು ಉಕ್ಕಿನ ಎಳೆ, ಅದರ ಸುತ್ತ ಸುತ್ತಿದ ತಂತಿ. ಹೊರಗಿನ ಸುತ್ತು ದುಂಡು ತಂತಿಯದಾದರೆ ರೌಂಡ್‌ವೌಂಡ್. ಕಂಬಕ್ಕೆ ಹಗ್ಗ ಸುತ್ತಿದ ಹಾಗೆ ಉಬ್ಬು ತಗ್ಗು, ಬೆರಳು ಜಾರಿದರೆ ಕಿರ್ ಅನ್ನುತ್ತೆ, ದನಿ ಝಣಝಣ. ಹೊರಗಿನ ಸುತ್ತು ಚಪ್ಪಟೆ ಪಟ್ಟಿಯದಾದರೆ ಅದೇ ಫ್ಲಾಟ್‌ವೌಂಡ್. ಗಾಡಿ ಚಕ್ರಕ್ಕೆ ಹೊಡೆದ ಕಬ್ಬಿಣದ ಪಟ್ಟಿಯ ಹಾಗೆ ನುಣುಪು, ದನಿ ದುಂಡಗೆ 'ದುಮ್' ಅನ್ನುತ್ತೆ. 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬಾಸ್ ಹೊರತಂದ ಕಾಲದಲ್ಲಿ ಇದ್ದದ್ದೇ ಫ್ಲಾಟು. ಝಣಝಣದ ರೌಂಡ್‌ವೌಂಡ್ ಮೆರೆದದ್ದು 60ರ ದಶಕದಲ್ಲಿ ರೋಟೋಸೌಂಡ್ ಕಂಪೆನಿಯಿಂದ, ದಿ ಹೂ ತಂಡದ ಜಾನ್ ಎಂಟ್‌ವಿಸಲ್ ಕೈಯಿಂದ.

ಗೇಜು ಅಂದ್ರೆ ತಂತಿಯ ದಪ್ಪ. ಅಂಗುಲವನ್ನು ಸಾವಿರ ಭಾಗ ಮಾಡಿ ಲೆಕ್ಕ. 45 ಅಂದ್ರೆ ಸುಮಾರು 1.14 ಮಿಲಿಮೀಟರ್, 100 ಅಂದ್ರೆ 2.54. ಸೆಟ್ಟಿನ ಮೇಲೆ 45–100 ಅಂತಿದ್ದರೆ ಅತಿ ಸಣ್ಣ 'ಜಿ' ತಂತಿ 45, ಅತಿ ದಪ್ಪ 'ಇ' ತಂತಿ 100. ಇಷ್ಟೇ ರಾಮಾಯಣ. ಆದರೆ ಈ ರಾಮಾಯಣದಲ್ಲೇ ನಾನು ವನವಾಸಕ್ಕೆ ಹೋದದ್ದು!

ಆ ಹುಡುಗನ ವಯಸ್ಸಿನಲ್ಲಿ ನನಗೂ ಒಂದು ಹುಚ್ಚು ಹಿಡಿದಿತ್ತು. ಅಮೆರಿಕದಲ್ಲಿ ಜೇಮ್ಸ್ ಜೇಮರ್ಸನ್ ಅಂತ ಒಬ್ಬ ಮಹಾನುಭಾವ. ಮೋಟೌನ್ ಕಂಪೆನಿಯ ಎಷ್ಟೋ ಹಾಡುಗಳಿಗೆ ಬಾಸ್ ನುಡಿಸಿದವನು, 1983ರಲ್ಲಿ ತೀರಿಕೊಂಡ. ಅವನ ಪ್ರಿಸಿಷನ್ ಬಾಸಿನಲ್ಲಿದ್ದದ್ದು ಲಾ ಬೆಲ್ಲಾ ಕಂಪೆನಿಯ ದಪ್ಪ ಫ್ಲಾಟು: 52ರಿಂದ 110. ತುಂಡಾಗುವವರೆಗೆ ತಂತಿ ಬದಲಿಸುತ್ತಿರಲಿಲ್ಲ. ಬಲಗೈಯ ಒಂದೇ ತೋರುಬೆರಳಲ್ಲಿ ಮೀಟುತ್ತಿದ್ದ. ಇಷ್ಟು ಓದಿದ್ದೇ ಸಾಕು, ನಾನೂ ಜೇಮರ್ಸನ್ ಆಗಿಬಿಟ್ಟೆ! ಅಂಗಡಿಯವ "ದಪ್ಪ ಇದ್ದಷ್ಟೂ ಒಳ್ಳೇದು" ಅಂದ. ಸೆಕೆಂಡ್ ಹ್ಯಾಂಡ್ ಬಾಸಿಗೆ ಆ ಹಗ್ಗಗಳನ್ನು ಬಿಗಿದೆ. ನಟ್ಟಿನ ಗಾಡಿಯಲ್ಲಿ ತಂತಿ ಕೂರಲಿಲ್ಲ. ಅರ ತಗೊಂಡು ನಾನೇ ಉಜ್ಜಿದೆ.

ತಂತಿ ದಪ್ಪ ಸ್ವಲ್ಪ ಏರಿದರೆ ಬಿಗಿ ಬಹಳ ಏರುತ್ತೆ. ಅದೇ ಬಗೆಯ ತಂತಿ, ಅದೇ ಶ್ರುತಿ ಅಂದುಕೊಳ್ಳಿ. 45ರಿಂದ 50ಕ್ಕೆ ಹೋದರೆ ದಪ್ಪ ಶೇಕಡಾ 11 ಹೆಚ್ಚು, ಬಿಗಿ ಹತ್ತಿರ ಹತ್ತಿರ ಶೇಕಡಾ 23 ಹೆಚ್ಚು. ನಾನು 45 ಬಿಟ್ಟು ಸೀದಾ 52ಕ್ಕೆ ಹಾರಿದ್ದೆ. ಅಂದ್ರೆ ಒಂದೇ ತಂತಿಯಲ್ಲಿ ಮೂರನೇ ಒಂದು ಪಾಲು ಹೆಚ್ಚಿನ ಬಿಗಿ! ಮಾಮೂಲಿ ಸೆಟ್ಟಿನಲ್ಲೇ ನಾಲ್ಕು ತಂತಿ ಸೇರಿ ಬಾಸಿನ ಕತ್ತನ್ನು 75–80 ಕೆಜಿಯಷ್ಟು ಎಳೆಯುತ್ತವೆ. ಒಬ್ಬ ದೊಡ್ಡ ಮನುಷ್ಯ ಜೋತುಬಿದ್ದ ಹಾಗೆ. ನನ್ನದಕ್ಕೆ ಅವನ ಹೆಗಲ ಮೇಲೆ ಮಗುವೂ ಕೂತಿತ್ತು. ಕತ್ತು ಬಾಗಿತು. ತಂತಿ ಫ್ರೆಟ್ಟಿನಿಂದ ಮೇಲೆದ್ದು ನಿಂತಿತು. ಒಳಗಿನ ಟ್ರಸ್ ರಾಡ್ ತಿರುಗಿಸಿ ಸರಿಮಾಡಬೇಕು ಅಂತ ಆಗ ಯಾರಿಗೆ ಗೊತ್ತು?

ಅದೇ ಬಾಸ್ ಹೊತ್ತು ಹುಣಸೂರಿನ ಒಂದು ಗಣಪತಿ ಪೆಂಡಾಲಿಗೆ ಹೋದೆವು. ಅವತ್ತು ಹಾಡೋನು ನಮ್ಮೂರಿನ ಗೆಳೆಯ. ಅಣ್ಣಾವ್ರ ಹಾಡು ಹಾಡಿದರೆ ಹಟ್ಟಿ ಮುಂದೆ ಹೆಂಗಸರು ಬಂದು ನಿಲ್ಲುತ್ತಿದ್ದರು, ಅಂಥ ಕಂಠ. ಮೈಸೂರಿನ ದೊಡ್ಡ ಆರ್ಕೆಸ್ಟ್ರಾದವರೊಬ್ಬರು ಅವನನ್ನೇ ಕೇಳಲು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಒಂದು ಗಂಟೆ ಚೆನ್ನಾಗಿಯೇ ನಡೀತು. ಆಮೇಲೆ ನನ್ನ ಬೆರಳು ಮಾತು ಕೇಳಲಿಲ್ಲ. ಅಂಗೈ ಹಿಡಿದುಕೊಂಡಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ತಂತಿ ಎತ್ತರ ಇದ್ದರೆ ಅದನ್ನು ಒತ್ತಿ ಫ್ರೆಟ್ಟಿಗೆ ಮುಟ್ಟಿಸುವಷ್ಟರಲ್ಲಿ ತಂತಿ ಹಿಗ್ಗಿ ಸ್ವರ ಮೇಲೇರುತ್ತೆ. ಮೇಲಿನ ಮನೆಗಳಲ್ಲಿ ನನ್ನ ಪ್ರತಿ ಸ್ವರವೂ ಕೂದಲೆಳೆಯಷ್ಟು ಸುಳ್ಳು. ಆ ಸ್ಟೇಜಿನಲ್ಲಿ ಅವನ ಕಿವಿಗೆ ಬೀಳುತ್ತಿದ್ದದ್ದು ಹಿಂದಿನ ನನ್ನ ಸ್ಪೀಕರೊಂದೇ. ಪಾಪ, ನನ್ನನ್ನು ನಂಬಿ ನನ್ನ ಜೊತೆಗೇ ಜಾರಿದ. ಕೀಬೋರ್ಡು ಒಂದು ಕಡೆ, ಅವನು ಒಂದು ಕಡೆ.

ಮುಂದಿನ ಸಾಲಿನ ಮನುಷ್ಯ ಮೂರು ಹಾಡಿಗೆ ಎದ್ದು ಹೋದರು. ಅವನನ್ನು ಮತ್ತೆ ಯಾರೂ ಕರೆಯಲಿಲ್ಲ. ವಾಪಸು ಬರುವಾಗ ವ್ಯಾನಿನಲ್ಲಿ ನನಗೆ ಬೈಯಲೂ ಇಲ್ಲ ಮಾರಾಯರೇ! "ಕೈಗೆ ಒಂಚೂರು ಎಣ್ಣೆ ಹಚ್ಕೊ, ಊದಿದೆ" ಅಂದ, ಅಷ್ಟೇ. ಈಗಲೂ ಮದುವೆ ಮನೆಗಳಲ್ಲಿ ಅವನು ಹಾಡುತ್ತಾನೆ. ಅವತ್ತು ತಪ್ಪಿದ್ದು ಅವನ ಗಂಟಲಲ್ಲ, ನನ್ನ ತಂತಿ ಅಂತ ಅವನಿಗೆ ಎಷ್ಟೋ ವರ್ಷ ನಾನು ಹೇಳಲೇ ಇಲ್ಲ.

ಎರಡನೇ ಬಸ್ಸು ಹೋಯಿತು. ಹುಡುಗ ಚೀಲ ಕೆಳಗಿಟ್ಟ. "ಹಂಗಾದ್ರೆ ಯಾವುದು ಹಾಕ್ಲಿ?" ಅಂದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ, ಬಾಸ್ ಹಿಡಿಯೋ ಆಸೆ ಇರೋರು ಪತ್ರಿಕೆ ಕತ್ತರಿಸಿ ಇಟ್ಟುಕೊಳ್ಳಿ.

ಮೊದಲು ನಿನ್ನ ಬಾಸ್ ಅಳೆ. ನಟ್ಟಿನಿಂದ ಹನ್ನೆರಡನೇ ಫ್ರೆಟ್ಟಿನವರೆಗೆ ಅಳೆದು ಎರಡರಿಂದ ಗುಣಿಸು. 17 ಅಂಗುಲ ಬಂದರೆ 34, ಅದು ಲಾಂಗ್ ಸ್ಕೇಲ್. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಹಿಡಿದ ಪಿಟೀಲಿನಾಕಾರದ ಹಾಫ್ನರ್ ಥರದ್ದು ಸುಮಾರು 30, ಶಾರ್ಟ್ ಸ್ಕೇಲ್. ಅದೇ ತಂತಿ 30 ಅಂಗುಲದಲ್ಲಿ ಶೇಕಡಾ 22ರಷ್ಟು ಸಡಿಲ. ಅಲ್ಲಿ ದಪ್ಪ ಹಾಕಿದರೂ ಬೆರಳು ತಡೆದೀತು, 34ರಲ್ಲಿ ಹುಷಾರು.

ಎರಡನೇದು, ಈಗ ಹಾಕಿರೋದು ಎಷ್ಟು ಅಂತ ನೋಡು. ಅವನದ್ದು ರೌಂಡ್, 45–105. ಅದೇ ನಂಬರಿನ ಫ್ಲಾಟು ಸಾಮಾನ್ಯವಾಗಿ ಇನ್ನೂ ಗಡಸು. ಹಾಗಾಗಿ ಫ್ಲಾಟಿಗೆ ಬರುವಾಗ ಒಂದು ಮೆಟ್ಟಿಲು ಇಳಿದೇ ಬಾ. ಡಿ'ಅಡ್ಡಾರಿಯೋ ಕ್ರೋಮ್ಸ್‌ನಲ್ಲಿ 40–100, 45–100, 50–105 ಅಂತ ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತೆ. ಹೊಸಬನಿಗೆ 45–100 ಸಾಕು. ನಂಬರನ್ನೂ ಕಣ್ಣುಮುಚ್ಚಿ ನಂಬಬೇಡ. ವಿಯೆನ್ನಾದ ಥಾಮಸ್ಟಿಕ್ ಕಂಪೆನಿಯ ಜಾಝ್ ಫ್ಲಾಟು 43ರಿಂದ 100. ಕಾಗದದ ಮೇಲೆ ಕ್ರೋಮ್ಸ್‌ಗೆ ಅಣ್ಣತಮ್ಮ, ಕೈಗೆ ಮಾತ್ರ ಹೂವಿನ ಹಾಗೆ ಸಡಿಲ.

ಮೂರನೇದೇ ಮುಖ್ಯ: ನಿನ್ನ ಹಾಡುಗಾರ ಯಾವ ಶ್ರುತಿಯವನು? ನಮ್ಮ ಹಳ್ಳಿ ಹುಡುಗರು ಸಿನಿಮಾ ಶ್ರುತಿಗೆ ಏರಲಾರದೆ ಅರ್ಧ ಮನೆ ಇಳಿಸು ಅಂತಾರೆ. ಕೀಬೋರ್ಡಿನವನು ಟ್ರಾನ್ಸ್‌ಪೋಸ್ ಬಟನ್ ಒತ್ತಿ ಹಲ್ಲು ಕಿರೀತಾನೆ. ಬಾಸಿಗೆಲ್ಲಿದೆ ಬಟನ್? ಕೆಳಗಿನ ಸ್ವರ ಬೇಕಾದರೆ ತಂತಿಯನ್ನೇ ಇಳಿಸಬೇಕು. ಅರ್ಧ ಮನೆ ಇಳಿಸಿದರೆ ಬಿಗಿ ಶೇಕಡಾ 11 ಕಡಿಮೆ. 100ರ ಬದಲು 105 ಹಾಕಿದರೆ ಬಿಗಿ ಶೇಕಡಾ 10 ಹೆಚ್ಚು. ಲೆಕ್ಕ ಸರಿಹೋಯ್ತು! ಸದಾ ಅರ್ಧ ಮನೆ ಇಳಿಸಿ ನುಡಿಸೋ ತಂಡವಾದರೆ 105, ಇಲ್ಲದಿದ್ದರೆ 100. ದಪ್ಪ ತಂತಿಗೆ ಇರೋ ನ್ಯಾಯವಾದ ಕಾರಣ ಇದು, ಗತ್ತಲ್ಲ.

ಇನ್ನು ಸಣ್ಣಪುಟ್ಟ. ಹೆಚ್ಚಿಗೆ ಉಳಿದ ತಂತಿಯನ್ನು ಸುಮ್ಮನೆ ಕತ್ತರಿಸಬೇಡ. ಮೊದಲು ಸಮಕೋನಕ್ಕೆ ಬಗ್ಗಿಸಿ ಆಮೇಲೆ ಕತ್ತರಿಸು, ಇಲ್ಲದಿದ್ದರೆ ಪಟ್ಟಿ ಬಿಚ್ಚಿಕೊಂಡು ದುಡ್ಡು ನೀರುಪಾಲು. ಗೇಜು ಬದಲಾದ ಮೇಲೆ ಕತ್ತಿನ ಬಾಗು, ತಂತಿಯ ಎತ್ತರ, ಸ್ವರದ ನಿಖರತೆ ಮೂರನ್ನೂ ತಿಳಿದವರ ಕೈಲಿ ನೋಡಿಸು. ಅರ ಮುಟ್ಟಬೇಡ! ಫ್ಲಾಟು ವರ್ಷಗಟ್ಟಲೆ ಬಾಳುತ್ತೆ, ಹಳೆಯದಾದಷ್ಟೂ ಪಳಗುತ್ತೆ. ಹಾಗಾಗಿ ಬೆಲೆಗೆ ಹೆದರಬೇಡ. ಆದರೆ ಒಂದು ಎಚ್ಚರಿಕೆ. ಜಾತ್ರೆಯ ಕೊಳವೆ ಸ್ಪೀಕರಿನಲ್ಲಿ ಫ್ಲಾಟಿನ ದುಮ್ ಕೇಳಿಸೋದೇ ಇಲ್ಲ. 'ಇ' ತಂತಿಯ ಮೂಲ ಸ್ವರ ಸೆಕೆಂಡಿಗೆ 41 ಕಂಪನ ಅಷ್ಟೇ. ಆ ಕೊಳವೆಗೆ ಅದು ನಿಲುಕದು. ನಿಮ್ಮ ತಂಡದಲ್ಲಿ ಒಳ್ಳೇ ಬಾಸ್ ಸ್ಪೀಕರ್ ಇಲ್ಲದಿದ್ದರೆ ರೌಂಡ್‌ವೌಂಡೇ ಇರಲಿ, ದುಡ್ಡು ಉಳಿಸು.

"ನಮ್ಮದ್ರಲ್ಲಿ ದೊಡ್ಡ ಸ್ಪೀಕರ್ ಐತಣ್ಣ," ಅಂದ ಹುಡುಗ. ಹಾಡುಗಾರ? "ಸಿನಿಮಾ ಶ್ರುತಿಗೇ ಹಾಡ್ತಾನೆ. ಅವನು ಹಾಡ್ತಿದ್ರೆ ನಾನು ನುಡಿಸೋದೇ ಮರ್ತೋಗ್ತೀನಿ." ಹಾಗಾದರೆ 45–100 ಅಂದೆ. ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟೆ.

ಮೂರನೇ ಬಸ್ಸು ಅವನದು. ಫುಟ್‌ಬೋರ್ಡಿನಲ್ಲಿ ನಿಂತು, "ಅಣ್ಣಾ, ಆ ನಿಮ್ಮ 110 ಸೆಟ್ಟು ಏನಾಯ್ತು?" ಅಂತ ಕೂಗಿದ. ಮನೆಯ ಮೊಳೆಗೆ ನೇತುಹಾಕಿದೀನಿ ಕಣೋ ಅಂದೆ. ಬಸ್ಸಿನ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ. ಅವನು ಹೋದ ಮೇಲೆ ನನ್ನ ಹಳೇ ಗೆಳೆಯನಿಗೆ ಫೋನ್ ಮಾಡಿ ಆ ಗಣಪತಿ ರಾತ್ರಿಯ ನಿಜ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಂಗೂ ಆವತ್ತೇ ಅನುಮಾನ ಇತ್ತು ಬಿಡೋ," ಅಂದ.

ಮುಂದಿನ ವಾರ ರಿದಮ್ ಪ್ಯಾಡಿನವನ ಪುರಾಣ. ಅಲ್ಲೀತನಕ ನಮಸ್ಕಾರ!