ಬೆಚ್ಚಗಿರುವವರೇ, ಆ 200 ಪೌಂಡು ನಿಮ್ಮದಲ್ಲ

ಬ್ರಿಟನ್ನಿನಲ್ಲಿ ನೆಲೆ ನಿಂತು ನಿವೃತ್ತರಾಗಿರುವ ಕನ್ನಡಿಗರಿಗೆ ಈ ಮಾತು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಆಸ್ಪತ್ರೆಗಳ ಕೆಲಸಕ್ಕೆಂದು ಬಂದಿರಿ, ಹಗಲು ರಾತ್ರಿ ದುಡಿದಿರಿ. ಈಗ ಸಾಲ ತೀರಿದ ಮನೆ ಇದೆ, ತಿಂಗಳು ತಿಂಗಳು ಪಿಂಚಣಿ ಇದೆ. ನವೆಂಬರ್, ಡಿಸೆಂಬರ್ ಬಂತೆಂದರೆ ಖಾತೆಗೆ ಚಳಿಗಾಲದ ಇಂಧನ ಭತ್ಯೆಯೂ ಬಂದು ಬೀಳುತ್ತದೆ: ಮನೆಗೆ 200 ಪೌಂಡು, 80 ದಾಟಿದವರಿದ್ದರೆ 300. ನಿಮ್ಮಲ್ಲಿ ಎಷ್ಟೋ ಮಂದಿಗೆ ಅದು ಬಂದದ್ದೂ ಗೊತ್ತಾಗುವುದಿಲ್ಲ. ಬಂದದ್ದೇ ಗೊತ್ತಾಗದ ಹಣ ನಿಮಗೆ ಬೇಕಾದ ಹಣವಲ್ಲ. ಅದನ್ನು ಬೇಕಾದವರಿಗೆ ದಾಟಿಸಿ.

ಬೇಕಾದವರು ಹೇಗಿದ್ದಾರೆ, ನೋಡಿ. ಎಷ್ಟೋ ಬಡವರ ಮನೆಯಲ್ಲಿರುವುದು ಮೊದಲೇ ದುಡ್ಡು ತುಂಬಿ ಉರಿಸುವ ಮೀಟರ್. ಅದರ ಪ್ಲಾಸ್ಟಿಕ್ ಕೀಲಿಯನ್ನು ಬೀದಿ ಕೊನೆಯ ಅಂಗಡಿಗೆ ಒಯ್ದು ಟಾಪ್‌ಅಪ್ ಮಾಡಿಸಬೇಕು. ಹತ್ತು ಪೌಂಡು ಹಾಕಿಸಿದರೆ ಹತ್ತೂ ದಕ್ಕುವುದಿಲ್ಲ. ಒಂದು ದೀಪ ಹಚ್ಚದಿದ್ದರೂ ಕರೆಂಟಿನ ದಿನದ ಶುಲ್ಕವೆಂದೇ 50 ಪೆನ್ಸ್‌ಗಿಂತ ಹೆಚ್ಚು ಹೋಗುತ್ತದೆ, ಗ್ಯಾಸಿನದು ಬೇರೆ. ದುಡ್ಡು ಮುಗಿದು ಮನೆ ಕತ್ತಲಾಗಿದ್ದ ದಿನಗಳ ಶುಲ್ಕವೂ ಬಾಕಿ ನಿಂತಿರುತ್ತದೆ. ತುರ್ತಿಗೆಂದು ಮೀಟರೇ ಕೊಟ್ಟ ಕೈಸಾಲ, ಹಳೇ ಬಿಲ್ಲಿನ ಕಂತು, ಎಲ್ಲವೂ ಕೀಲಿ ಚುಚ್ಚಿದ ಕೂಡಲೇ ತಮ್ಮ ಪಾಲು ಎತ್ತಿಕೊಳ್ಳುತ್ತವೆ. ಪರದೆಯ ಮೇಲೆ ಉಳಿದು ಕಾಣುವುದು ಐದೋ ಆರೋ ಪೌಂಡು. ಅದರಲ್ಲಿ ಅಡುಗೆಗೆಷ್ಟು, ಮಗುವಿನ ಸ್ನಾನಕ್ಕೆಷ್ಟು, ಕೋಣೆ ಬಿಸಿ ಮಾಡಲು ಏನಾದರೂ ಮಿಗುತ್ತದೆಯೇ ಎಂದು ತಾಯಿ ಅಲ್ಲೇ ನಿಂತು ಲೆಕ್ಕ ಹಾಕುತ್ತಾಳೆ. ಅವಳ ಸಂಪರ್ಕವನ್ನು ಯಾವ ಕಂಪನಿಯೂ ಕತ್ತರಿಸುವುದಿಲ್ಲ. ದುಡ್ಡು ಮುಗಿದಾಗ ತಾನಾಗಿ ನಿಲ್ಲುತ್ತದೆ, ತಪ್ಪು ಯಾರದೂ ಅಲ್ಲ ಎಂಬಂತೆ! ಸಾಲಗಾರರ ಮನೆಗೆ ಬಲವಂತವಾಗಿ ನುಗ್ಗಿ ಇಂಥ ಮೀಟರ್ ಹಾಕುತ್ತಿದ್ದ ಸಂಗತಿ ಪತ್ರಿಕೆಯಲ್ಲಿ ಬಂದ ಮೇಲೆ 2023ರ ಫೆಬ್ರುವರಿಯಲ್ಲಿ ಅದಕ್ಕೆ ತಡೆ ಬಿತ್ತು, ಆಮೇಲೆ ನಿಯಮ ಬಿಗಿಯಾಯಿತು. ಆಗಲೇ ಹಾಕಿದ್ದ ಎಷ್ಟೋ ಮೀಟರುಗಳು ಗೋಡೆಯ ಮೇಲೆಯೇ ಉಳಿದವು.

ಚಳಿ ಏನು ಮಾಡುತ್ತದೆಂದು ನಮ್ಮ ವೈದ್ಯರಿಗೆ ನಾನು ಹೇಳಿಕೊಡಬೇಕಿಲ್ಲ. ಮರಗಟ್ಟಿ ಸಾಯುವವರು ಕಡಿಮೆ. ತಣ್ಣಗಿನ ಕೋಣೆಯಲ್ಲಿ ರಕ್ತದೊತ್ತಡ ಏರಿ, ರಕ್ತ ಮಂದವಾಗಿ, ಹೃದಯಾಘಾತ, ಪಾರ್ಶ್ವವಾಯು, ನ್ಯುಮೋನಿಯಾಗಳಲ್ಲಿ ಹೋಗುವವರೇ ಹೆಚ್ಚು. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಿಲ್ಲದ ಮನೆಯಲ್ಲಿ ಉಸಿರಿನ ಹಬೆಯೇ ಗೋಡೆಯಲ್ಲಿ ನೀರಾಗಿ ಇಳಿದು ಕಪ್ಪು ಬೂಷ್ಟು ಕಟ್ಟುತ್ತದೆ. 2020ರ ಡಿಸೆಂಬರ್‌ನಲ್ಲಿ ರಾಚ್‌ಡೇಲ್‌ನ ಎರಡು ವರ್ಷದ ಮಗುವೊಂದು ಬಾಡಿಗೆ ಮನೆಯ ಬೂಷ್ಟಿನಿಂದಲೇ ಸತ್ತಿತು. ಆ ಮಗುವಿನ ಹೆಸರಿನಲ್ಲೇ ಈಗ ಅವಾಬ್ ಕಾನೂನು ಬಂದಿದೆ. ಅದು ಮನೆ ಮಾಲೀಕರನ್ನು ಹಿಡಿಯುವ ಕಾನೂನು, ಮೀಟರಿಗೆ ದುಡ್ಡು ತುಂಬುವುದಲ್ಲ.

ಇದೆಲ್ಲ ಸರ್ಕಾರದ ಕೆಲಸವಲ್ಲವೇ ಎನ್ನುತ್ತೀರಿ. ಹೌದು, ನಿಮ್ಮ ಸಂಸದರಿಗೆ ಬರೆಯಿರಿ, ಬಿಡಬೇಡಿ. ಆದರೆ ಸರ್ಕಾರದ ಕೈ ಎಷ್ಟು ಅಲುಗುತ್ತದೆಂದು ಕಂಡಿದ್ದೇವೆ. 1997ರಲ್ಲಿ ಶುರುವಾದ ಈ ಇಂಧನ ಭತ್ಯೆಯನ್ನು 2024ರಲ್ಲಿ ಆಗ ಹಣಕಾಸು ಸಚಿವೆಯಾಗಿದ್ದ ರೇಚಲ್ ರೀವ್ಸ್ ಅವರು ತೀರಾ ಬಡ ಪಿಂಚಣಿದಾರರಿಗಷ್ಟೇ ಎಂದರು. ಗದ್ದಲ ಎದ್ದಿತು. 2025ರಲ್ಲಿ ಇಂಗ್ಲೆಂಡು, ವೇಲ್ಸ್‌ಗಳಲ್ಲಿ ವರ್ಷಕ್ಕೆ 35,000 ಪೌಂಡಿನವರೆಗೆ ವರಮಾನ ಇರುವವರಿಗೆಲ್ಲ ಮರಳಿ ಬಂತು. ಅದಕ್ಕೂ ಮೇಲಿನವರಿಂದ ತೆರಿಗೆ ಇಲಾಖೆ ವಾಪಸು ಪಡೆಯುತ್ತದೆ. ಮೀಟರಿನ ಮುಂದೆ ನಿಂತ ಆ ತಾಯಿಗೋ, ಪಿಂಚಣಿ ವಯಸ್ಸಾಗಿಲ್ಲದ ಕಾರಣಕ್ಕೆ, ಈ ಭತ್ಯೆಯಲ್ಲಿ ಬಿಡಿಗಾಸೂ ಇಲ್ಲ. ಕಡು ಚಳಿಗೆಂದು 25 ಪೌಂಡು ಕೊಡುವ ಇನ್ನೊಂದು ಯೋಜನೆ ಇದೆ. ಸತತ ಏಳು ದಿನ ಸರಾಸರಿ ಉಷ್ಣಾಂಶ ಸೊನ್ನೆಗೆ ಇಳಿದರೆ ಮಾತ್ರ ಅದು ಸಿಗುತ್ತದೆ. ಎರಡು ಡಿಗ್ರಿಯ ಜಡಿಮಳೆ ತಿಂಗಳುಗಟ್ಟಲೆ ಹಿಡಿದರೂ ಆ ಲೆಕ್ಕದಲ್ಲಿ ಅದು ಚಳಿಯೇ ಅಲ್ಲ.

ದಾರಿ ಹೊಸದಾಗಿ ಹುಡುಕಬೇಕಾಗಿಲ್ಲ. ತಮಗೆ ಬೇಡವಾದ ಇಂಧನ ಭತ್ಯೆಯನ್ನು ಬಡವರಿಗೆ ಬಿಟ್ಟುಕೊಡುವ 'ಸರ್ವೈವಿಂಗ್ ವಿಂಟರ್' ಅಭಿಯಾನ 2010ರಲ್ಲೇ ಸಾಮರ್‌ಸೆಟ್‌ನಲ್ಲಿ ಆರಂಭವಾಗಿ ಬೇರೆ ಕೌಂಟಿಗಳಿಗೂ ಹಬ್ಬಿತು. ಫ್ಯುಯೆಲ್ ಬ್ಯಾಂಕ್ ಫೌಂಡೇಶನ್ ಎಂಬ ಸಂಸ್ಥೆ ಮೀಟರ್ ಬರಿದಾದವರಿಗೆ ವೋಚರ್ ಕೊಡುತ್ತದೆ. ನೀವು ತೆರಿಗೆ ಕಟ್ಟುವವರಾದರೆ, ದಾನಕ್ಕೆ ಸರ್ಕಾರ ತೆರಿಗೆಯ ಪಾಲು ಸೇರಿಸುವ ಗಿಫ್ಟ್ ಏಡ್ ಚೌಕಕ್ಕೆ ಗುರುತು ಹಾಕಿ, ನಿಮ್ಮ 200 ಅವರ ಕೈಯಲ್ಲಿ 250 ಆಗುತ್ತದೆ. 35,000 ದಾಟಿದವರು ಭತ್ಯೆ ಕೈತಪ್ಪಿತೆಂದು ಸುಮ್ಮನಾಗಬೇಕಿಲ್ಲ, ಜೇಬಿನಿಂದ ಕೊಡಿ.

ನಮ್ಮವರಲ್ಲೂ ನಡುಗುವವರಿದ್ದಾರೆ. ಓದಲು ಬಂದ ಹುಡುಗರು, ವೃದ್ಧಾಶ್ರಮಗಳಲ್ಲಿ ಆರೈಕೆಗೆ ನಿಂತ ಹೆಣ್ಣುಮಕ್ಕಳು; ಅವರ ವೀಸಾದಲ್ಲೇ ಸರ್ಕಾರಿ ನೆರವು ಕೇಳುವಂತಿಲ್ಲ ಎಂದು ಬರೆದಿರುತ್ತದೆ. ಊರಿಗೆ ಫೋನ್ ಮಾಡಿದಾಗ ಚೆನ್ನಾಗಿದ್ದೇನೆ ಎನ್ನುತ್ತಾರೆ. ಇನ್ನು ಬಡ ಪಿಂಚಣಿದಾರರಿಗೆಂದೇ ಇರುವ ಪೆನ್ಶನ್ ಕ್ರೆಡಿಟ್ ನೆರವನ್ನು ಹಕ್ಕಿದ್ದೂ ಕೇಳದ ಹಿರಿಯರು ಈ ದೇಶದಲ್ಲಿ ಲಕ್ಷಾಂತರ. ಕೆಲವರಿಗೆ ಗೊತ್ತಿಲ್ಲ, ಕೆಲವರಿಗೆ ನಾಚಿಕೆ. ಅರ್ಜಿ ಹಾಕಿದರೆ ಹಿಂದಿನ ಮೂರು ತಿಂಗಳದ್ದೂ ಸಿಗಬಹುದು. ಪಕ್ಕದ ಮನೆಯ ಅಜ್ಜಿಯ ಜೊತೆ ಕೂತು ಆ ಅರ್ಜಿ ತುಂಬಿಸಿ, ದುಡ್ಡು ಕೊಟ್ಟಷ್ಟೇ ಆಯಿತು.

ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಬಸವಣ್ಣನವರ ಪ್ರತಿಮೆ ನಿಲ್ಲಿಸಿದೆವು, ಅದರ ಮುಂದೆ ಫೋಟೋ ತೆಗೆಸಿಕೊಳ್ಳದ ಕನ್ನಡಿಗನಿಲ್ಲ. ದಾಸೋಹದ ಮಾತು ವೇದಿಕೆಯಲ್ಲಿ ಬೇಕಾದಷ್ಟು ಆಡಿದ್ದೇವೆ. ಹೇಗೂ ನವೆಂಬರ್‌ನಲ್ಲೇ ರಾಜ್ಯೋತ್ಸವ, ಅದೇ ಹೊತ್ತಿಗೆ ಭತ್ಯೆ. ಸಭಾಂಗಣದ ಬಾಗಿಲಲ್ಲಿ ಒಂದು ಹುಂಡಿ ಇಡಿ, ಹೋಳಿಗೆ ಊಟದ ಸಾಲಿಗೆ ಹೋಗುವವರು ಅದನ್ನು ದಾಟಿಯೇ ಹೋಗಲಿ. ಬಂದ ಹಣವನ್ನು ಮರುದಿನವೇ ಕಳಿಸಿ. ಮಾರ್ಚ್‌ನಲ್ಲಿ ಕೊಟ್ಟರೆ ಆ ಮನೆಯ ಚಳಿಗಾಲ ಮುಗಿದಿರುತ್ತದೆ.